ಮಾರ್ಕ್ಸಿಗಾಗಿ ಓದುವ ಕ್ರಾಂತಿ

ಹೈಸ್ಕೂಲಿನ ಹುಡುಗನೊಬ್ಬನನ್ನು ನಿಲ್ಲಿಸಿ, ‘ಕಾರ್ಲ್ ಮಾರ್ಕ್ಸ್ ಯಾರಪಾ?’ ಅಂತ ಕೇಳಿ ನೋಡ್ರಿ. ‘ಎಷ್ಟು ಮಾರ್ಕ್ಸಿಗೆ ಉತ್ತರ ಬೇಕ್ರಿ ಸರ?’ ಎಂಬ ಮರುಪ್ರಶ್ನೆ ಬಂದರೆ ಸಿಟ್ಟಿಗೇಳಬೇಡಿ. ಅವನ ತಪ್ಪೇನೂ ಇಲ್ಲ. ರಷ್ಯಾದ ಕ್ರಾಂತಿ ಎಂದರೆ ಅವನ ಪಾಲಿಗೆ ಕಾರಣಗಳು ಐದು, ಪರಿಣಾಮಗಳು ಐದು. ಗೈಡಿನಲ್ಲಿ ಅಚ್ಚಾಗಿರತೈತಿ, ಟ್ಯೂಶನ್ನಿನಲ್ಲಿ ಬಾಯಿಪಾಠ ಆಗತೈತಿ, ಪರೀಕ್ಷೆ ಮುಗಿದ ಮೇಲೆ ರದ್ದಿ ಅಂಗಡಿ ಸೇರತೈತಿ.

‘ಹೋಗಲಿ ಬಿಡ್ರಿ, ರಷ್ಯಾದ ಕತಿ ಕಟಗೊಂಡು ದುರ್ಗದಬೈಲಿನವರಿಗೆ ಏನಾಗಬೇಕಾಗೇತಿ?’ ಎಂದು ವ್ಯಾಪಾರಸ್ಥರು ಕೇಳಬಹುದು. ಆಗಬೇಕಾದ್ದು ಬಹಳ ಐತಿ. ಆ ಕ್ರಾಂತಿ ಹೊತ್ತಿಕೊಂಡದ್ದು ಅಂಗಡಿಯ ಮುಂದೆ.

1917ರ ಮಾರ್ಚ್ ತಿಂಗಳು. ರಷ್ಯಾದ ರಾಜಧಾನಿ ಪೆಟ್ರೋಗ್ರಾಡಿನಲ್ಲಿ ಎಲುಬು ಕೊರೆಯುವ ಚಳಿಯಲ್ಲಿ ಹೆಣ್ಣುಮಕ್ಕಳು ರೊಟ್ಟಿಗಾಗಿ ತಾಸುಗಟ್ಟಲೆ ಪಾಳಿ ಹಚ್ಚಿ ನಿಂತಿದ್ದರು. ದೇಶದಲ್ಲಿ ಕಾಳು ಇರಲಿಲ್ಲವೇ? ಇತ್ತು. ಆದರೆ ರೈಲ್ವೆ ವ್ಯಾಗನ್ನುಗಳು ಯುದ್ಧದ ಸಾಮಾನು ಹೊರುತ್ತಿದ್ದವು. ಸರಕಾರ ನೋಟು ಅಚ್ಚು ಹಾಕುತ್ತಲೇ ಇತ್ತು, ರೊಕ್ಕದ ಬೆಲೆ ಇಳಿಯುತ್ತಲೇ ಇತ್ತು. ಆ ರೊಕ್ಕ ನಂಬಿ ಕಾಳು ಮಾರಲು ರೈತನಿಗೆ ಮನಸ್ಸಿರಲಿಲ್ಲ. ರೈಲ್ವೆ ವರ್ಕ್‌ಶಾಪಿನ ಊರಾದ ಹುಬ್ಬಳ್ಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್ 8ರಂದು ಗಿರಣಿಯ ಹೆಣ್ಣಾಳುಗಳು ಕೆಲಸ ಬಿಟ್ಟು ಬೀದಿಗಿಳಿದರು. ಎಂಟು ದಿನ ತುಂಬುವುದರೊಳಗೆ ದೊರೆ ಗಾದಿ ಬಿಟ್ಟಿದ್ದ. 1905ರಲ್ಲಿ ಅರ್ಜಿ ಹಿಡಿದು ಅರಮನೆಗೆ ಹೊರಟ ಕೂಲಿಗಳ ಮೇಲೆ ಇದೇ ದೊರೆಯ ಸೈನಿಕರು ಗುಂಡು ಹಾರಿಸಿದ್ದರು. ಹನ್ನೆರಡು ವರ್ಷಗಳ ಮೇಲೆ ಅವನ ಪರ ನಿಲ್ಲಲು ಸೈನಿಕರೂ ಒಪ್ಪಲಿಲ್ಲ.

ಇಷ್ಟು ಹೇಳಿದರೆ ಕಾರಣ ತಿಳಿಯಿತು. ಪರಿಣಾಮ? ಇಲ್ಲೇ ನಮ್ಮ ದೊಡ್ಡವರು ಎರಡು ಪಂಗಡ. ಒಂದು ಪಂಗಡದವರು 1917ಕ್ಕೆ ಬಂದು ಕೆಂಪು ಬಾವುಟ ಏರಿಸಿ ಪಾಠ ಮುಗಿಸುತ್ತಾರೆ. ಇನ್ನೊಂದು ಪಂಗಡದವರು ನೇರ ಸ್ಟಾಲಿನ್ನನಿಂದಲೇ ಶುರು ಮಾಡಿ, ಅದಕ್ಕೂ ಮೊದಲು ಹಸಿವು ಇತ್ತೆಂಬುದನ್ನೇ ಮರೆಸುತ್ತಾರೆ. ಜಮಾ ಅಷ್ಟೇ ಬರೆದು ಖರ್ಚು ಮುಚ್ಚಿಟ್ಟ ಕೀರ್ದಿಯನ್ನು ಯಾವ ಅಂಗಡಿಕಾರ ಒಪ್ಪಿಯಾನು? ಖರ್ಚು ಅಷ್ಟೇ ಬರೆದದ್ದನ್ನಾದರೂ ಒಪ್ಪಿಯಾನೇ?

ಜಮಾ ಕಡೆ ಬರೆಯಬೇಕಾದ್ದು: ಜಮೀನ್ದಾರರ ಹೊಲ ಒಕ್ಕಲಿಗನ ಕೈಗೆ ಬಂತು. ದಿನಕ್ಕೆ ಎಂಟು ತಾಸಿನ ದುಡಿಮೆ ಕಾಯಿದೆಯಾಯಿತು. 1897ರ ಜನಗಣತಿಯಲ್ಲಿ ನಾಲ್ವರಲ್ಲಿ ಮೂವರಿಗೂ ಓದು ಬಾರದಿದ್ದ ದೇಶ ಎರಡು ತಲೆಮಾರಿನಲ್ಲಿ ಅಕ್ಷರ ಕಲಿಯಿತು.

ಖರ್ಚಿನ ಕಡೆ ಬರೆಯಬೇಕಾದ್ದು: ಅಂತರ್ಯುದ್ಧದ ದಿನಗಳಲ್ಲಿ ರೈತನ ಮನೆಗೆ ಬಂದೂಕು ಹಿಡಿದು ಹೋಗಿ ಕಾಳು ಎತ್ತಿದರು. ಖಾಸಗಿ ವ್ಯಾಪಾರಕ್ಕೆ ಬಂದಿ ಬಂತು. 1921ರಲ್ಲಿ ಲೆನಿನ್ನನೇ ಸಣ್ಣ ಅಂಗಡಿಗಳಿಗೆ ಮತ್ತೆ ಪರವಾನಿಗಿ ಕೊಡಬೇಕಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಸ್ಟಾಲಿನ್ ಅವುಗಳ ಬಾಗಿಲು ಪುನಃ ಹಾಕಿಸಿದ. ಕೊಟ್ಟ ಹೊಲವನ್ನೂ ಕಸಿದು ಸಾಮೂಹಿಕ ಬೇಸಾಯಕ್ಕೆ ಸೇರಿಸಿದ. 1932-33ರ ಬರಗಾಲದಲ್ಲಿ ಕಡಿಮೆಯೆಂದರೂ 50 ಲಕ್ಷ ಜನ ಹಸಿದು ಸತ್ತರು. 1937-38ರಲ್ಲಿ, ಅವರದೇ ಸರಕಾರಿ ದಾಖಲೆಯ ಪ್ರಕಾರ, 6 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರಿಗೆ ಮರಣದಂಡನೆಯಾಯಿತು. ಕಡೆಗೆ 1991ರ ಡಿಸೆಂಬರಿನಲ್ಲಿ ಆ ಒಕ್ಕೂಟವೇ ಮುಳುಗಿತು.

ರೊಟ್ಟಿ ಕೇಳಿದವರ ಕ್ರಾಂತಿ ಇಲ್ಲಿಗೆ ಹೆಂಗ ಬಂತು? ಹುಡುಗರು ಕೇಳಬೇಕಾದ ಪ್ರಶ್ನೆ ಇದೇ. ಗೈಡಿನ ಹತ್ತು ಅಂಶಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರದ ಒಂದು ತುದಿ ಮಾತ್ರ ಸ್ಪಷ್ಟ ಐತಿ. 1917ರ ನವೆಂಬರಿನಲ್ಲಿ ರಷ್ಯಾದ ಜನ ಸಂವಿಧಾನ ಸಭೆಗೆ ಓಟು ಹಾಕಿದರು. ಲೆನಿನ್ನನ ಪಕ್ಷಕ್ಕೆ ಬಿದ್ದದ್ದು ಸುಮಾರು ಕಾಲು ಭಾಗ. 1918ರ ಜನವರಿಯಲ್ಲಿ ಆ ಸಭೆ ಒಂದೇ ಒಂದು ಸಲ ಕೂತಿತು, ಮರುದಿನ ಅದಕ್ಕೆ ಬೀಗ ಬಿತ್ತು. ಅರ್ಜಿಯ ದಾರಿಯನ್ನು ದೊರೆ ಮುಚ್ಚಿದ್ದ, ಓಟಿನ ದಾರಿಯನ್ನು ಕ್ರಾಂತಿಕಾರರು ಮುಚ್ಚಿದರು.

ಇದು ದೂರದ ಮಾತೆನಿಸಿದರೆ ಹುಬ್ಬಳ್ಳಿಯಿಂದ ನರಗುಂದದ ಬಸ್ಸು ಹತ್ತಿರಿ. ಅಲ್ಲಿ ರೈತರ ವೀರಗಲ್ಲು ಐತಿ, ದಾರಿಯಲ್ಲಿ ನವಲಗುಂದ ಸಿಗತೈತಿ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿಯ ನೋಟೀಸು ಬಂದಾಗ ರೈತರು ಎದ್ದರು. 1980ರ ಜುಲೈ 21ರಂದು ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಅದು ಕಮ್ಯುನಿಸ್ಟ್ ಕ್ರಾಂತಿಯಲ್ಲ, ಹಾಗೆ ಕರೆಯುವುದು ಆ ರೈತರಿಗೆ ಮಾಡುವ ಅನ್ಯಾಯ. ಆದರೆ ಕಾರಣ-ಪರಿಣಾಮ ಕಲಿಸಲು ಇದಕ್ಕಿಂತ ಹತ್ತಿರದ ಪಾಠ ಇಲ್ಲ. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರಕಾರ ಬಿತ್ತು, ರಾಮಕೃಷ್ಣ ಹೆಗಡೆಯವರ ಸರಕಾರ ಬಂತು. ಸಿಟ್ಟಿಗೆ ಓಟಿನ ಪೆಟ್ಟಿಗೆಯೆಂಬ ಬಾಗಿಲು ತೆರೆದಿತ್ತು. ಪೆಟ್ರೋಗ್ರಾಡಿಗೂ ನರಗುಂದಕ್ಕೂ ಇರುವ ಅಂತರ ಇಷ್ಟೇ, ಆದರೆ ಇದೇ ದೊಡ್ಡದು.

ಕತೆಯಾಗಿ ಓದುವ ಹುಡುಗರಿಗೆ ನಿರಂಜನರ ‘ಚಿರಸ್ಮರಣೆ’ ಕೊಡಬಹುದು. ಈಗಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನಲ್ಲಿ 1941ರಲ್ಲಿ ಕಮ್ಯುನಿಸ್ಟರ ಜೊತೆಗೂಡಿ ಎದ್ದ ರೈತರ ಕತೆ ಅದು. ಪೇದೆಯೊಬ್ಬ ಸತ್ತ ಆ ಪ್ರಕರಣದಲ್ಲಿ 1943ರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ವಯಸ್ಸು ಚಿಕ್ಕದೆಂದು ಇನ್ನೊಬ್ಬನ ಗಲ್ಲು ತಪ್ಪಿತು. ನಮ್ಮ ಹತ್ತನೇ ಇಯತ್ತೆಯ ಹುಡುಗರಿಗಿಂತ ಅವನು ಬಹಳ ದೊಡ್ಡವನೇನಲ್ಲ ಎಂಬುದನ್ನು ಮಾಸ್ತರು ನೆನಪಿಸಲಿ.

‘ಇವನ್ನೆಲ್ಲಾ ಹೇಳಿದ್ರ ಹುಡುಗರ ತಲಿ ಕೆಡತೈತಿ’ ಎಂದು ಹೆದರುವ ಪಾಲಕರಿದ್ದಾರೆ. ಅವರಿಗೊಂದು ಮಾತು. ಶಾಲೆಯಲ್ಲಿ ಹೇಳದಿದ್ದರೆ ಹುಡುಗರು ಕೇಳದೇ ಇರುತ್ತಾರೆಯೇ? ಕಿಸೆಯಲ್ಲಿ ಮೊಬೈಲ್ ಐತಿ. ಒಂದು ವಿಡಿಯೋ ಲೆನಿನ್ನನನ್ನು ದೇವರು ಮಾಡತೈತಿ, ಇನ್ನೊಂದು ದೆವ್ವ ಮಾಡತೈತಿ. ತಲೆ ಕೆಡುವುದು ಅರ್ಧ ಕತೆಯಿಂದ, ಪೂರ್ತಿ ಕತೆಯಿಂದಲ್ಲ.

ಆದ್ದರಿಂದ ನಮ್ಮ ಹುಬ್ಬಳ್ಳಿ-ಧಾರವಾಡದ ಇತಿಹಾಸದ ಮಾಸ್ತರರಲ್ಲಿ, ಬಾಯಿಯವರಲ್ಲಿ ಒಂದು ವಿನಂತಿ. ಐದೈದು ಅಂಶ ಬರೆಸಿರಿ, ಮಾರ್ಕ್ಸು ಬೇಕೇ ಬೇಕು. ಬರೆಸಿದ ಮೇಲೆ ಒಂದು ಪೀರಿಯಡ್ ಪುಸ್ತಕ ಮುಚ್ಚಿ ಮೂರು ಪ್ರಶ್ನೆ ಕೇಳಿರಿ. ಜನರಿಗೆ ಏನು ಕೊರತೆಯಾಗಿತ್ತು? ಅದನ್ನು ಹೇಳಿಕೊಳ್ಳುವ ದಾರಿ ಯಾರು ಮುಚ್ಚಿದರು? ಹೊಸದಾಗಿ ಬಂದವರು ಆ ದಾರಿ ತೆರೆದರೋ, ತಾವೂ ಮುಚ್ಚಿದರೋ?

ಇಂದು ಹದಿನಾರು ವರ್ಷದವರು ಇನ್ನೆರಡು ವರ್ಷಕ್ಕೆ ಓಟು ಹಾಕುವವರು. ಈ ಮೂರು ಪ್ರಶ್ನೆ ಕೇಳಲು ಬಂದರೆ ಸಾಕು, ಭಾಷಣ ಮಾಡುವವರು ಯಾವ ಬಣ್ಣದ ಬಾವುಟ ಹಿಡಿದು ಬಂದರೂ ಅವರನ್ನು ಮರುಳು ಮಾಡುವುದು ಅಷ್ಟು ಸಲೀಸಲ್ಲ.