ನೇಗಿಲು, ಅಡ್ಡಹೆಸರು ಮತ್ತು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್

ಜಮಖಂಡಿ, ಮುಧೋಳ, ಬೀಳಗಿ ಕಡೆಯವರಿಗೆ ಗೊತ್ತು, ಹೊಳೆಸಾಲಿನ ಕಬ್ಬಿನ ಹೊಲಕ್ಕೆ ಹೋದರೆ ಮೊದಲು ಕೇಳೋದು ಪಂಪಿನ ಸದ್ದು. ನಮ್ಮ ಕಾಕಾ 'ಪಂಪ್ ಚಾಲೂ ಮಾಡು' ಅನ್ನುತ್ತಿರಲಿಲ್ಲ. 'ಲೇ ತಮ್ಮಾ, ಕಿರ್ಲೋಸ್ಕರ ಹಚ್ಚಿ ಬಾ' ಅನ್ನುತ್ತಿದ್ದರು. ಅದು ಒಂದು ಮನೆತನದ ಅಡ್ಡಹೆಸರು ಅಂತ ನನಗೆ ತಿಳಿದದ್ದು ಇಂಜಿನಿಯರಿಂಗ್‌ಗೆ ಬಂದ ಮೇಲೆ.

ಆ ಮನೆತನದ ಕತೆ ಶುರುವಾಗೋದು ನಮ್ಮ ಪಕ್ಕದ ಜಿಲ್ಲೆಯಲ್ಲೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ಗುರುತು ಸಿಗುತ್ತಿರಲಿಲ್ಲ, ಹಾಗಾಗಿ ಅದನ್ನು ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ಮುಂಬೈಯಲ್ಲೇ ಪಾಠ ಮಾಡುತ್ತಿದ್ದಾಗ ತಮಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ನೌಕರಿ ಬಿಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಅಂತ ರೈತರು ಹೆದರಿದ್ದರಿಂದ ಆ ನೇಗಿಲು ಬಹಳ ದಿನ ಮಾರಾಟವೇ ಆಗಲಿಲ್ಲ.

ಇಲ್ಲಿತನಕದ್ದು ಎಲ್ಲ ಮೋಟಿವೇಶನಲ್ ಸ್ಪೀಕರ್‌ಗಳೂ ಹೇಳ್ತಾರೆ. ಅವರು ಹೇಳದ ಭಾಗ ಮುಂದಿದೆ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು 32 ಎಕರೆ ಬರಡು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಹಟ ಲಕ್ಷ್ಮಣರಾವ್ ಅವರದು, ನಿಜ. ಆದರೆ ನೆಲ ಮತ್ತು ದುಡ್ಡು ಅವರನ್ನು ನಂಬಿದ ಇನ್ನೊಬ್ಬರದು.

ಮುಂದಿನ ತಲೆಮಾರಿನ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದರು. 1941ರಲ್ಲಿ ಹರಿಹರದಲ್ಲಿ ಲೇಥ್ ಕಾರ್ಖಾನೆ ಶುರುವಾಯಿತು, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್, ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಮೋಟರ್. ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಟೊಯೋಟಾವನ್ನು ಬಿಡದಿಗೆ ತಂದರು. ಇದೇ ಕತೆಯಲ್ಲಿ ಹರಿಹರದ ಕಾರ್ಖಾನೆ ಮುಚ್ಚಿದ್ದೂ ಇದೆ, ಅಣ್ಣತಮ್ಮಂದಿರ ತಕರಾರು ಸುಪ್ರೀಂ ಕೋರ್ಟ್‌ವರೆಗೆ ಹೋದದ್ದೂ ಇದೆ. ಬರೀ ಅಡ್ಡಹೆಸರು ಕಾರ್ಖಾನೆ ನಡೆಸೋದಿಲ್ಲ.

ಅಮೆರಿಕದ ಡೀರ್ ಮನೆತನವನ್ನು ನೋಡಿ. ಇಲಿನಾಯ್ಸ್‌ನ ಜಿಗುಟು ಮಣ್ಣು, ನಮ್ಮ ಎರೆಮಣ್ಣಿನ ಹಾಗೇ, ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. ಕಮ್ಮಾರ ಜಾನ್ ಡೀರ್ 1837ರಲ್ಲಿ ಉಕ್ಕಿನ ನೇಗಿಲು ಮಾಡಿದ. ಅಳಿಯಂದಿರೂ ಸೇರಿ ಆ ಮನೆಯವರೇ 1982ರವರೆಗೆ ಕಂಪನಿ ನಡೆಸಿದರು. ಎರಡೂ ಮನೆತನಗಳು ಮೇಲೆ ಬಂದದ್ದು ಪಕ್ಕದ ಹೊಲದ ತೊಂದರೆಯನ್ನು ಕಣ್ಣಾರೆ ನೋಡಿ.

ನಮ್ಮ ಪಕ್ಕದ ತೊಂದರೆ ಯಾವುದು? ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮ್ ಸದ್ದಿಲ್ಲದ ಮನೆ ಹುಡುಕೋದು ಕಷ್ಟ. ಮಗ್ಗ ಕೆಟ್ಟರೆ ಮಿಸ್ತ್ರಿ ಬರುತ್ತಾರೆ, ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಾರೆ, ಬಿಡಿಭಾಗ ಸಿಗದಿದ್ದರೆ ತಾವೇ ಉಜ್ಜಿ ಕೂರಿಸುತ್ತಾರೆ. ಅವರಿಗೆ ಡ್ರಾಯಿಂಗ್ ಬರೋದಿಲ್ಲ, ನಮಗೆ ಮಗ್ಗ ಬರೋದಿಲ್ಲ. ಇಬ್ಬರೂ ಒಂದೇ ಟೇಬಲ್ಲಿಗೆ ಬಂದದ್ದನ್ನು ನಾನಂತೂ ನೋಡಿಲ್ಲ. 'ನಮ್ಮ ಮಂದಿಗೆ ಧೈರ್ಯ ಇಲ್ಲ' ಅನ್ನಬೇಡಿ. 1989ರಲ್ಲಿ ಜಮಖಂಡಿ ಹತ್ತಿರ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು.

ನಾವೇನು ಮಾಡ್ತಿದ್ದೇವೆ? ಫೈನಲ್ ಇಯರ್ ಪ್ರಾಜೆಕ್ಟನ್ನು ರೆಡಿಮೇಡ್ ಕೊಳ್ಳುತ್ತಿದ್ದೇವೆ. ಬೇರೆಯವರನ್ನು ಯಾಕೆ ಅನ್ನಲಿ, ನಾನೂ ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಅದು ಹೋದರೆ ಹೋಗಲಿ.

ಕಾಲೇಜಿಗೆ ನನ್ನ ಬೇಡಿಕೆ ಸಣ್ಣದು. 32 ಎಕರೆ ಬೇಡ, ಭಾನುವಾರ ವರ್ಕ್‌ಶಾಪಿನ ಬಾಗಿಲು ತೆಗೆಯಿರಿ, ಮಿಸ್ತ್ರಿಗಳನ್ನು ಒಳಗೆ ಕರೆಯಿರಿ. ಗೆಳೆಯರೇ, ದೀಪಾವಳಿ ರಜೆಗೆ ನಾನು ಬನಹಟ್ಟಿಗೆ ಹೊರಟಿದ್ದೇನೆ. ಎಲೆಕ್ಟ್ರಾನಿಕ್ಸ್‌ನವರು ಒಬ್ಬರು, ಡ್ರಾಯಿಂಗ್ ಚೆನ್ನಾಗಿ ಬರುವವರು ಒಬ್ಬರು ಬೇಕು. ಊಟ, ವಸತಿ ನಮ್ಮ ಮನೆಯಲ್ಲಿ. ಯಾರು ಬರ್ತೀರಿ?