ತಿಪ್ಪೆ ಇದ್ದ ಮೇಲೆ ಬಕೆಟ್ ಯಾಕೆ ಎನ್ನುವವರಿಗೆ

ಹಸಿಕಸ, ಒಣಕಸ ಬೇರೆ ಬೇರೆ ಹಾಕಿ ಎಂದು ನಮ್ಮೂರು ಇಟ್ಟಿಗಿಯ ಕಟ್ಟೆಯ ಮೇಲೆ ಬಾಯಿಬಿಟ್ಟರೆ ಮೊದಲು ಸಿಗುವ ಉತ್ತರ ಇದು: "ಅವೆಲ್ಲಾ ಹೊಸಪೇಟಿ, ಬಳ್ಳಾರಿ ಮಂದಿಗೆ ಬಿಡ್ರಿ. ನಮ್ಗ ತಿಪ್ಪಿ ಐತಿ." ಈ ಮಾತಿನಲ್ಲಿ ಅರ್ಧ ನಿಜವಿದೆ. ಅದಕ್ಕೇ ಸಾವಕಾಶವಾಗಿ ಉತ್ತರಿಸಬೇಕು.

ಅಜ್ಜಂದಿರ ಕಾಲದ ತಿಪ್ಪೆಗೆ ಹೋಗುತ್ತಿದ್ದುದು ಸಗಣಿ, ದನದ ಕೊಟ್ಟಿಗೆಯ ಮಣ್ಣು, ಒಲೆಯ ಬೂದಿ, ದನ ಬಿಟ್ಟ ಮೇವು, ಜೋಳದ ರವದಿ. ಎಲ್ಲವೂ ಕೊಳೆಯುವಂಥದ್ದೇ. ಈಗಿನ ತಿಪ್ಪೆಯನ್ನು ಸಲಿಕೆಯಿಂದ ಒಮ್ಮೆ ಕೆದಕಿ ನೋಡಿ. ಶಾಂಪೂ ಚೀಟಿ, ಗುಟ್ಕಾ ಪಾಕೀಟು, ಒಡೆದ ಬಳೆ, ಗಡ್ಡ ಹೆರೆದ ಬ್ಲೇಡು, ಟಾರ್ಚಿನ ಸೆಲ್ಲು. ಅದೇ ಗೊಬ್ಬರ ಮಲ್ಲಿಗೆ ಗಿಡದ ಬುಡಕ್ಕೆ ಹೋಗುತ್ತದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ ಎಂದು ಎದೆಯುಬ್ಬಿಸುವ ನಾವು, ಆ ಬುಡಕ್ಕೆ ಬರಿಗೈಯಲ್ಲಿ ಗೊಬ್ಬರ ಹಾಕುವ ಹೆಣ್ಣುಮಗಳ ಬೆರಳನ್ನು ನೆನೆಯುವುದಿಲ್ಲ. ತಿಪ್ಪೆ ತಿಪ್ಪೆಯಾಗಿಯೇ ಉಳಿಯಬೇಕಾದರೆ ಕೊಳೆಯದ್ದನ್ನು ಹಾಕಲು ಪಕ್ಕದಲ್ಲೊಂದು ನೀಲಿ ಬಕೆಟ್ ಬೇಕು. ತಿಪ್ಪೆಯಿರುವ ಮನೆಗೆ ಹಸಿಕಸದ ಹಸಿರು ಬಕೆಟ್ ಬೇಡ ಎಂದರೆ, ಅಷ್ಟನ್ನು ಒಪ್ಪಿಕೊಂಡೆ.

ಕಾನೂನು ಪಟ್ಟಣದವರಿಗೆ ಎನ್ನುವವರೂ ಇದ್ದಾರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೆಚ್ಚಾಗಿ ಪಟ್ಟಣಗಳನ್ನು ಕುರಿತಿದ್ದವು, ಸರಿ. ಆದರೆ 2020ರಲ್ಲಿ ಶುರುವಾದ ಗ್ರಾಮೀಣ ಸ್ವಚ್ಛ ಭಾರತದ ಎರಡನೇ ಹಂತ ಹಳ್ಳಿಯ ಕಸಕ್ಕೂ ಕೈಹಾಕಿದೆ. ಹಾಗೆ ನೋಡಿದರೆ ಪ್ಲಾಸ್ಟಿಕ್ಕು ಊರೊಳಗೆ ಬರುವಾಗ ಯಾವ ಕಾನೂನನ್ನು ಕೇಳಿ ಬಂತು?

"ನಾವು ಬ್ಯಾರೆ ಮಾಡಿದ್ರೂ ಗಾಡಿಯವ್ರು ಕಲಸೇಬಿಡ್ತಾರ." ಕಲಸುವ ಕಡೆ ಕಲಸುತ್ತಾರೆ, ಸುಳ್ಳಲ್ಲ. ಅದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಕಲಸಿ ಕೊಟ್ಟವನಿಗೆ ಕೇಳುವ ಬಾಯಿ ಎಲ್ಲಿಂದ ಬರುತ್ತದೆ? ಸಾರು ಮೆತ್ತಿದ ರಟ್ಟು, ಅನ್ನ ಅಂಟಿದ ಕವರನ್ನು ಗುಜರಿಯವನೂ ಮುಟ್ಟುವುದಿಲ್ಲ. ಕುಂದಾಪುರದ ಕಡೆಯ ವಂಡ್ಸೆ ಪಂಚಾಯ್ತಿಯಲ್ಲಿ ಮನೆಮನೆಯ ಕಸ ತಂದು, ವಿಂಗಡಿಸಿ, ಒಣದ್ದನ್ನು ಮಾರುತ್ತಾರೆ. ಅದೂ ಹಳ್ಳಿಯೇ.

"ಸುಟ್ರ ಮುಗೀತು" ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಪಿವಿಸಿ ಪೈಪಿನ ತುಂಡು, ಹಳೇ ಚಪ್ಪಲಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಿರುತ್ತದೆ, ಉಳಿದ ಬೂದಿ ಮತ್ತೆ ತಿಪ್ಪೆಗೇ ಬೀಳುತ್ತದೆ. ಕೆಂಡ ಆರದ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್‌ಗೆ ಸುರಿದು, ಅದು ಕರಗಿದ ಮೇಲೆ ಬಕೆಟ್ಟೇ ಸರಿಯಿಲ್ಲ ಎನ್ನುವುದು ಬೇರೆ.

ನಾಯಿ, ನೊಣ, ವಾಸನೆಯ ದೂರಿಗೆ ಮುಚ್ಚಳ ಸಾಕು. ತಳಕ್ಕೆ ಹಳೇ ಪೇಪರು ಹಾಸಿ, ದಿನಾ ಬಗ್ಗಿಸಿ, ತೊಳೆದು ಬಿಸಿಲಿಗೆ ಬೋರಲು ಹಾಕಿದರೆ ಆಯಿತು. ಉಳಿದ ಅನ್ನವನ್ನು ಕವರಿನಲ್ಲಿ ಗಂಟುಕಟ್ಟಿ ಬೀದಿಗೆಸೆಯುವ ಪುಣ್ಯಾತ್ಮರ ಮೇಲೆ ನನಗೆ ನಿಜವಾದ ಸಿಟ್ಟು. ಆಕಳಿಗೆ ಗಂಟು ಬಿಚ್ಚಲು ಬರುವುದಿಲ್ಲ, ಕವರು ಸಮೇತ ನುಂಗುತ್ತದೆ. ಅದು ಕರಗದೆ ಹೊಟ್ಟೆಯಲ್ಲೇ ಕೂರುತ್ತದೆ.

ಕೊನೆಯದು ಮೆಕ್ಕೆಜೋಳ, ಉಳ್ಳಾಗಡ್ಡಿ ಬೆಳೆಯುವವರ ಮಾತು: "ಎಣ್ಣಿ ಹೊಡೆದ ಡಬ್ಬಿ ಗಟ್ಟಿ ಇರ್ತಾವ, ತೊಳೆದ್ರ ಸೀಮೆಎಣ್ಣಿಗೆ ಬರ್ತಾವ." ಬೇಡ. ಮನೆಯೊಳಗೆ ತಂದ ಡಬ್ಬಿಯಲ್ಲಿ ಇವತ್ತು ಸೀಮೆಎಣ್ಣೆ, ನಾಳೆ ಕುಡಿಯುವ ನೀರು. ಎಷ್ಟು ತೊಳೆದರೂ ಆ ಕೀಟನಾಶಕದ ವಿಷ ಪೂರ್ತಿ ಹೋಯಿತೆಂಬ ನಂಬಿಕೆಯಿಲ್ಲ. ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಸುರಿದುಕೊಂಡು ಬೆಳೆಗೆ ಹೊಡೆದುಬಿಡಿ. ಖಾಲಿ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಹಸಿರು, ನೀಲಿ ಎರಡೂ ಬಕೆಟ್‌ಗೆ ಅದು ಸೇರದು. ಸಕ್ಕರೆ ಕಾಯಿಲೆಯವರ ಇಂಜೆಕ್ಷನ್ ಸೂಜಿ, ಬ್ಲೇಡುಗಳನ್ನು ದಪ್ಪ ಬಾಟಲಿಗೆ ಹಾಕಿ ಬಿರಡೆ ಬಿಗಿಯಿರಿ. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆಯಿರಿ. ಪ್ಯಾಡ್, ಡಯಾಪರ್ ಸುತ್ತಿ ಬೇರೆಯೇ ಕೊಡಿ. ವಿಂಗಡಿಸುವಾಗ ಒಳಗೆ ಕೈ ಹಾಕುವುದು ಯಂತ್ರವಲ್ಲ, ನಮ್ಮೂರಿನದೇ ಯಾರೋ ಅಕ್ಕ.

"ಕಸಕ್ಕಂತ ಕೊಟ್ಟ ಬಕೆಟ್‌ನ್ಯಾಗ ಎಲ್ರೂ ಜೋಳ ತುಂಬ್ಯಾರ" ಎಂದು ನಗುವವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ನಮ್ಮ ಮನೆಯ ಹಸಿರು ಬಕೆಟ್‌ನಲ್ಲೂ ಕೋಳಿಗೆ ಹಾಕುವ ನುಚ್ಚಿದೆ. ನೀಲಿಯದಕ್ಕೆ ಮಾತ್ರ ಯಾರನ್ನೂ ಕೈ ಹಚ್ಚಗೊಡುವುದಿಲ್ಲ.