ಎಂಟು, ಆರು, ನಾಲ್ಕು: ಅವಸರಕ್ಕೆ ಬಿದ್ದ ಎಲ್ಡೊರಾಡೊ

ಕಳೆದ ತಿಂಗಳು ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ, ಪಕ್ಕದಲ್ಲಿ ಭಾವ. ಸಾತಾರಾ ದಾಟಿ ರಸ್ತೆ ಖಾಲಿಯಾದಾಗ, ಎರಡೇ ಸಿಲಿಂಡರ್ ಕೆಲಸ ಮಾಡುತ್ತಿವೆ ಎಂದು ಕಾರಿನ ಪರದೆ ತೋರಿಸಿತು. ನನ್ನದು ಇಲ್ಲೇ ಚಾಕಣದಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಟೈಗುನ್, 1.5 ಲೀಟರ್ ಎಂಜಿನ್‌ನದು. ಹೊರೆ ಕಡಿಮೆಯಾದಾಗ ಪೆಟ್ರೋಲ್ ಉಳಿಸಲು ನಾಲ್ಕರಲ್ಲಿ ಎರಡು ಸಿಲಿಂಡರ್ ಸುಮ್ಮನಾಗುತ್ತವೆ.

"ಅರ್ಧ ಎಂಜಿನ್ ಮಲ್ಕೊಂಡದಲ್ಲೋ! ನನಗ ಗೊತ್ತ ಆಗಲಿಲ್ಲ ನೋಡು" ಎಂದರು ಭಾವ.

ಗೊತ್ತಾಗದಿರುವುದೇ ಇದರ ಹೆಚ್ಚುಗಾರಿಕೆ. ಗೊತ್ತಾಗಿ ಮಾನ ಹೋದ ಕಾರೊಂದರ ಕಥೆಯನ್ನು ಅವರಿಗೆ ಹೇಳಿದೆ. ಅದು ಕ್ಯಾಡಿಲಾಕ್ ಎಲ್ಡೊರಾಡೊ.

ಎಲ್ಡೊರಾಡೊ 1953ರಿಂದ 2002ರವರೆಗೆ ತಯಾರಾದ ಅಮೆರಿಕದ ಐಷಾರಾಮಿ ಕಾರು. ಅದರ ಕೊನೆಯ ತಲೆಮಾರುಗಳು ಕೂಪೆಗಳು, ಅಂದರೆ ಎರಡೇ ಬಾಗಿಲು. 1967ರಲ್ಲಿ ಅದಕ್ಕೆ ಫ್ರಂಟ್ ವೀಲ್ ಡ್ರೈವ್ ಬಂತು. 1970ರಲ್ಲಿ 8.2 ಲೀಟರ್‌ನ ವಿ8 ಎಂಜಿನ್ ಬಂತು. ನನ್ನ ಕಾರಿನ ಎಂಜಿನ್‌ನಂಥ ಐದು ಎಂಜಿನ್ ಸೇರಿದರೂ ಅಷ್ಟು ದೊಡ್ಡದಾಗುವುದಿಲ್ಲ. ಉದ್ದ 5.6 ಮೀಟರ್‌ಗೂ ಹೆಚ್ಚು. ಮೈಲೇಜ್ ಕೇಳುವವರು ಆ ಶೋರೂಮಿಗೆ ಹೋಗುತ್ತಿರಲಿಲ್ಲ ಬಿಡಿ.

1973ರ ತೈಲ ಬಿಕ್ಕಟ್ಟು ಅದನ್ನೂ ಬದಲಿಸಿತು. 1975ರಲ್ಲಿ ಅಮೆರಿಕ ಕಾನೂನು ಮಾಡಿತು: ಒಂದು ಕಂಪನಿಯ ಕಾರುಗಳ ಸರಾಸರಿ ಮೈಲೇಜ್ 1978ರಲ್ಲಿ ಗ್ಯಾಲನ್ನಿಗೆ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ ಇರಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 7.7 ಕಿ.ಮೀ.ಯಿಂದ 11.7 ಕಿ.ಮೀ.ಗೆ. 1979ರಲ್ಲಿ ಎಲ್ಡೊರಾಡೊವನ್ನು ಅರ್ಧ ಮೀಟರಿನಷ್ಟು ಚಿಕ್ಕದು ಮಾಡಿದರು, ತೂಕವನ್ನೂ ಇಳಿಸಿದರು. ಅಷ್ಟೂ ಸಾಲಲಿಲ್ಲ.

1981ರ ಮಾದರಿಗೆ ಬಂದದ್ದೇ ವಿ8-6-4. ಆರು ಲೀಟರ್, 140 ಅಶ್ವಶಕ್ತಿ. ಕಂಪ್ಯೂಟರೊಂದು ವೇಗ, ಹೊರೆ ನೋಡಿಕೊಂಡು ಎಂಟು, ಆರು ಅಥವಾ ನಾಲ್ಕು ಸಿಲಿಂಡರ್ ಓಡಿಸಬೇಕು. ಸಂಕೇತ ಬಂದಾಗ ಸೊಲೆನಾಯ್ಡ್‌ಗಳು ಕೆಲವು ಸಿಲಿಂಡರ್‌ಗಳ ವಾಲ್ವ್‌ಗಳು ತೆರೆಯದಂತೆ ಮಾಡುತ್ತಿದ್ದವು. ಈಗ ಎಷ್ಟು ಸಿಲಿಂಡರ್ ಓಡುತ್ತಿವೆ ಎಂದು ಡ್ಯಾಶ್‌ಬೋರ್ಡಿನಲ್ಲಿ ನೋಡಬಹುದಿತ್ತು. ಎಸಿಯ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಅದೇ ಪರದೆಯಲ್ಲಿ ಎರರ್ ಕೋಡ್ ಕೂಡ ಬರುತ್ತಿತ್ತು. 1981ರಲ್ಲಿ!

ಕಲ್ಪನೆ ಚೆನ್ನಾಗಿತ್ತು, ಕಂಪ್ಯೂಟರ್ ನಿಧಾನವಾಗಿತ್ತು. ಚಾಲಕ ಆಕ್ಸಿಲರೇಟರ್ ಒತ್ತುವುದು, ಕಂಪ್ಯೂಟರ್ ನಿರ್ಧರಿಸುವುದು, ವಾಲ್ವ್ ಬದಲಾಗುವುದು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಾರು ಜಗ್ಗುತ್ತಿತ್ತು, ತಡವರಿಸುತ್ತಿತ್ತು. ಕಂಪನಿ ಹೊಸ ಪ್ರೋಗ್ರಾಂ ತುಂಬಿದ ಚಿಪ್‌ಗಳನ್ನು ಮತ್ತೆ ಮತ್ತೆ ಕಳುಹಿಸಿತು. ಬಹಳಷ್ಟು ಮಾಲೀಕರು ಬೇಸತ್ತು ಮೆಕ್ಯಾನಿಕ್ ಹತ್ತಿರ ಹೋಗಿ ಅದರ ವೈರನ್ನೇ ಕೀಳಿಸಿದರು. ಆಮೇಲೆ ಎಂಟೂ ಸಿಲಿಂಡರ್ ಸದಾ ಓಡುತ್ತಿದ್ದವು, ಕಾರು ಸಲೀಸಾಗಿ ಹೋಗುತ್ತಿತ್ತು. ಎಂಜಿನ್ ಗಟ್ಟಿಯೇ ಇತ್ತು. ಲಿಮೊಸಿನ್‌ಗಳನ್ನು ಬಿಟ್ಟರೆ ಒಂದೇ ವರ್ಷಕ್ಕೆ ಇದನ್ನು ಕೈಬಿಟ್ಟರು. 1982ಕ್ಕೆ 4.1 ಲೀಟರ್‌ನ ಹೊಸ ಎಂಜಿನ್ ತಂದರು. ಅದನ್ನೂ ಅವಸರದಲ್ಲೇ ತಂದದ್ದು, ಅದೂ ಕೆಟ್ಟ ಹೆಸರೇ ತಂದಿತು.

ಆದರೆ ಆ ಆಲೋಚನೆ ಸಾಯಲಿಲ್ಲ. 1993ರ ಎಲ್ಡೊರಾಡೊಗೆ 4.6 ಲೀಟರ್‌ನ ನಾರ್ತ್‌ಸ್ಟಾರ್ ಎಂಜಿನ್ ಬಂತು. ಕೂಲಂಟ್ ಸೋರಿ ಹೋದರೆ ಅದು ನಾಲ್ಕು ಸಿಲಿಂಡರ್‌ಗಳಿಗೆ ಇಂಧನ ನಿಲ್ಲಿಸುತ್ತಿತ್ತು. ಅವು ಬರೀ ಗಾಳಿ ಎಳೆದುಕೊಂಡು ತಣ್ಣಗಾದ ಮೇಲೆ ಉಳಿದ ನಾಲ್ಕರ ಸರದಿ. ಹಾಗೆ ನಿಧಾನವಾಗಿ ಗ್ಯಾರೇಜ್ ತನಕ ಹೋಗಬಹುದಿತ್ತು. 2005ರ ಹೊತ್ತಿಗೆ ವೇಗದ ಕಂಪ್ಯೂಟರ್‌ಗಳೊಂದಿಗೆ ಸಿಲಿಂಡರ್ ನಿಲ್ಲಿಸುವ ವಿದ್ಯೆ ಅಮೆರಿಕದ ವಿ8 ಕಾರುಗಳಿಗೆ ಮರಳಿತು. ಅದನ್ನು ನೋಡಲು ಎಲ್ಡೊರಾಡೊ ಇರಲಿಲ್ಲ.

"ಅಂದ್ರ ವಿಚಾರ ತಪ್ಪಲ್ಲ, ಟೈಮ್ ತಪ್ಪಿತ್ತು" ಎಂದರು ಭಾವ.

ಹೂಂ ಎಂದೆ. ಆದರೆ ಕೊಲ್ಹಾಪುರದವರೆಗೂ ಮನಸ್ಸು ಬೇರೆ ಕಡೆ ಇತ್ತು. ಹಿಂದಿನ ವಾರ ನಮ್ಮ ತಂಡದ ಹುಡುಗಿಯೊಬ್ಬಳು, "ಸರ್, ಲೋಡ್ ಜಾಸ್ತಿಯಾದ್ರೆ ಈ ಹೊಸ ಫೀಚರ್ ತುಂಬಾ ನಿಧಾನ ಆಗುತ್ತೆ, ಇನ್ನೆರಡು ವಾರ ಬೇಕು" ಎಂದಿದ್ದಳು. ತಾರೀಖು ಮೊದಲೇ ಒಪ್ಪಿಕೊಂಡಾಗಿತ್ತು. "ಮೊದಲು ರಿಲೀಸ್ ಮಾಡೋಣ, ಆಮೇಲೆ ಪ್ಯಾಚ್ ಕೊಡೋಣ" ಎಂದು ಅವಳ ಬಾಯಿ ಮುಚ್ಚಿಸಿದವನು ನಾನೇ. 1981ರಲ್ಲೂ ಯಾವುದೋ ಮೀಟಿಂಗಿನಲ್ಲಿ ಯಾರೋ ಹೀಗೇ ಹೇಳಿರಬೇಕು ಅನ್ನಿಸಿತು.

ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ಅವಳಿಗೆ ಫೋನ್ ಮಾಡಿದೆ. ಎರಡು ವಾರ ತಗೋ, ತಾರೀಖಿನ ಮಾತು ನಾನು ಆಡುತ್ತೇನೆ ಎಂದೆ. ಸೋಮವಾರದ ಕಾಲ್‌ನಲ್ಲಿ ಬೈಸಿಕೊಂಡೆ. ಗಿರಾಕಿ ವೈರ್ ಕಿತ್ತು ಹಾಕುವುದಕ್ಕಿಂತ ಅದೇ ವಾಸಿ.